ಪಾಲೆಂಕೆಯ ದೊರೆ ಪಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಯಾ ನಾಗರಿಕತೆಯ ಬಗ್ಗೆ ಆಸಕ್ತಿಯಿಂದ ಓದುವವರು ಬೇಗನೆ ಎದುರುಗೊಳ್ಳುವ ಹೆಸರು ಕಿನಿಚ್ ಹನಾಬ್ ಪಕಲ್ ಎಂಬ ದೊರೆಯದು. ಅವನ ಸಮಾಧಿ, ಅವನ ಹಸಿರು ಕಲ್ಲಿನ ಮುಖವಾಡ, ಅವನ ಶವಪೆಟ್ಟಿಗೆಯ ಮುಚ್ಚಳದ ಕೆತ್ತನೆ ಇವುಗಳ ಚಿತ್ರಗಳು ಎಲ್ಲೆಡೆ ಹರಿದಾಡುತ್ತವೆ. ಅವುಗಳ ಜೊತೆಯಲ್ಲಿಯೇ ಆಧಾರವಿಲ್ಲದ ಮಾತುಗಳೂ ಹರಿದಾಡುತ್ತವೆ. ಅವನನ್ನು ಕುರಿತು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪಕಲ್ ಯಾರು? ಎಲ್ಲಿಯವನು?

ಇಂದಿನ ಮೆಕ್ಸಿಕೋ ದೇಶದ ದಕ್ಷಿಣದಲ್ಲಿರುವ ಚಿಯಾಪಾಸ್ ರಾಜ್ಯದಲ್ಲಿ, ದಟ್ಟ ಕಾಡಿನ ಬೆಟ್ಟಸಾಲು ಬಯಲಿಗೆ ಇಳಿಯುವ ಅಂಚಿನಲ್ಲಿ, ಪಾಲೆಂಕೆ ಎಂಬ ಹಾಳು ನಗರವಿದೆ. ಪಾಲೆಂಕೆ ಎಂಬುದು ಸ್ಪೇನಿನವರು ಬಂದ ಮೇಲೆ ಬಂದ ಹೆಸರು. ಆ ನಗರವನ್ನು ಅಲ್ಲಿಯ ಶಾಸನಗಳು ‘ಲಕಮ್‌ಹಾ’ ಎಂದು ಕರೆಯುತ್ತವೆ. ‘ದೊಡ್ಡ ನೀರು’ ಎಂದು ಅದರ ಅರ್ಥ. ನಗರದ ನಡುವೆ ಹರಿಯುವ ತೊರೆಗಳನ್ನು ನೋಡಿದವರಿಗೆ ಆ ಹೆಸರಿನ ಔಚಿತ್ಯ ತಾನಾಗಿಯೇ ತಿಳಿಯುತ್ತದೆ. ರಾಜ್ಯದ ಹೆಸರು ‘ಬಾಕಲ್’. ಅದರಲ್ಲಿ ‘ಮೂಳೆ’ ಎಂಬ ಅರ್ಥದ ಪದ ಸೇರಿದೆ.

ಈ ರಾಜ್ಯದಲ್ಲಿ ಕ್ರಿ.ಶ. 603ರ ಮಾರ್ಚ್‌ನಲ್ಲಿ ಹುಟ್ಟಿದ ಪಕಲ್ 615ರ ಜುಲೈಯಲ್ಲಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು, 683ರ ಆಗಸ್ಟ್‌ನಲ್ಲಿ ಎಂಬತ್ತು ದಾಟಿದ ಮುದುಕನಾಗಿ ತೀರಿಕೊಂಡ. ಆಳಿದ್ದು 68 ವರ್ಷ. ಕನ್ನಡದ ಓದುಗರಿಗೆ ಕಾಲದ ಅಂದಾಜು ಸಿಗಬೇಕಾದರೆ, ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ ದಶಕಗಳಲ್ಲಿ ಅಲ್ಲಿ ಪಕಲ್ ಹುಡುಗತನ ಕಳೆದು ಪ್ರಾಯಕ್ಕೆ ಬಂದಿದ್ದ ಎಂದರೆ ಸಾಕು.

ಹೆಸರನ್ನು ಹೇಗೆ ಉಚ್ಚರಿಸಬೇಕು? ಅದರ ಅರ್ಥವೇನು?

ರೋಮನ್ ಲಿಪಿಯಲ್ಲಿ ಈ ಹೆಸರಿನ ಎರಡನೆಯ ಪದವನ್ನು ‘ಜೆ’ ಅಕ್ಷರದಿಂದ ಬರೆಯುತ್ತಾರಾದರೂ ಮಾಯಾ ಭಾಷೆಗಳ ಬರವಣಿಗೆಯಲ್ಲಿ ಆ ಅಕ್ಷರ ‘ಹ’ಕಾರಕ್ಕೆ ಹತ್ತಿರದ ಧ್ವನಿಯನ್ನು ಸೂಚಿಸುತ್ತದೆ. ಆದ್ದರಿಂದ ‘ಜನಾಬ್’ ಅಲ್ಲ, ‘ಹನಾಬ್’. ‘ಕಿನಿಚ್’ ಎಂದರೆ ಸೂರ್ಯನ ತೇಜಸ್ಸುಳ್ಳವನು ಎಂಬ ಬಿರುದು. ‘ಪಕಲ್’ ಎಂದರೆ ಗುರಾಣಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಒಂದು ಹೆಸರಿನಲ್ಲಿ ಮಾಯಾ ಲಿಪಿಯ ಗುಟ್ಟೇ ಅಡಗಿದೆ. ಕೆಲವು ಶಾಸನಗಳಲ್ಲಿ ಲಿಪಿಕಾರ ಒಂದು ಗುರಾಣಿಯ ಚಿತ್ರವನ್ನೇ ಕೆತ್ತಿ ಸುಮ್ಮನಾಗುತ್ತಾನೆ. ಓದುವವನು ಅದನ್ನು ‘ಪಕಲ್’ ಎಂದು ಓದಬೇಕು. ಇನ್ನು ಕೆಲವೆಡೆ ಪ, ಕ, ಲ ಎಂಬ ಮೂರು ಅಕ್ಷರಚಿಹ್ನೆಗಳನ್ನು ಜೋಡಿಸುತ್ತಾನೆ; ಕೊನೆಯ ಲಕಾರದ ಸ್ವರ ಬಿದ್ದುಹೋಗಿ ಅದೂ ‘ಪಕಲ್’ ಆಗುತ್ತದೆ. ವ್ಯಂಜನವೂ ಸ್ವರವೂ ಕೂಡಿದ ಅಕ್ಷರವನ್ನು ಒಂದು ಘಟಕವಾಗಿ ಕಾಣುವುದು ಕನ್ನಡ ಕಲಿತವರಿಗೆ ಹೊಸದೇನಲ್ಲ. ರೋಮನ್ ಲಿಪಿಯಲ್ಲಿಯೇ ಬೆಳೆದ ಯುರೋಪಿನ ವಿದ್ವಾಂಸರಿಗೆ ಇದು ಬಹುಕಾಲ ಹೊಳೆಯದೆ ಹೋಯಿತು. ಮಾಯಾ ಚಿಹ್ನೆಗಳಲ್ಲಿ ಇಂಥ ಅಕ್ಷರಗಳಿವೆ ಎಂದು ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಸೊವ್ ತೋರಿಸಿಕೊಟ್ಟದ್ದು 1952ರಲ್ಲಿ. ಪಕಲನ ಸಮಾಧಿ ತೆರೆದುಕೊಂಡದ್ದೂ ಅದೇ ವರ್ಷ.

ಹನ್ನೆರಡರ ಹುಡುಗ ಪಟ್ಟಕ್ಕೆ ಬಂದದ್ದು ಹೇಗೆ?

ಅವನು ಪಟ್ಟಕ್ಕೆ ಬಂದಾಗ ರಾಜ್ಯ ನೆಲ ಕಚ್ಚಿತ್ತು. ಯುಕಟಾನ್ ಪರ್ಯಾಯದ್ವೀಪದ ಬುಡದಲ್ಲಿದ್ದ ಕಲಕ್‌ಮುಲ್ ಆ ಕಾಲದ ದೊಡ್ಡ ಶಕ್ತಿ. ಅದರ ಅರಸರಿಗೆ ‘ಕಾನ್’, ಅಂದರೆ ಹಾವಿನ ವಂಶದವರು ಎಂದು ಹೆಸರು. ಅವರ ಸೈನ್ಯ ಬಹುದೂರ ನಡೆದು ಬಂದು 599ರಲ್ಲಿ ಒಮ್ಮೆ, 611ರಲ್ಲಿ ಮತ್ತೊಮ್ಮೆ ಲಕಮ್‌ಹಾ ನಗರದ ಮೇಲೆ ಬಿದ್ದಿತು. ಮೊದಲ ದಾಳಿಯ ಹೊತ್ತಿಗೆ ಆಳುತ್ತಿದ್ದವಳು ಯೋಲ್ ಇಕ್ನಾಲ್ ಎಂಬ ರಾಣಿ. ಎರಡನೆಯ ದಾಳಿಯ ಹೊತ್ತಿಗೆ ಇದ್ದ ಅಹೆನ್ ಯೋಲ್ ಮತ್ ಎಂಬ ಅರಸ ಮರುವರ್ಷವೇ ತೀರಿಕೊಂಡ.

ಆ ದಿನಗಳ ಪಾಡನ್ನು ಪಕಲನ ಸಮಾಧಿಮಂದಿರದ ಶಾಸನವೇ ಹೇಳುತ್ತದೆ. ಮಾಯಾ ಪಂಚಾಂಗದಲ್ಲಿ ಸುಮಾರು ಇಪ್ಪತ್ತು ವರ್ಷಗಳ ಒಂದು ‘ಕಾತುನ್’ ಮುಗಿದಾಗ ಅರಸನು ದೇವರುಗಳಿಗೆ ಒಡವೆ, ಶಿರೋಭೂಷಣಗಳನ್ನು ಒಪ್ಪಿಸಿ ಸೇವೆ ಮಾಡಬೇಕು. 613ರಲ್ಲಿ ಕಾತುನ್ ಮುಗಿಯಿತು; ಆದರೆ ಆ ಸೇವೆ ನಡೆಯಲಿಲ್ಲ. ‘ದೇವಿ ಕಳೆದುಹೋದಳು, ಒಡೆಯ ಕಳೆದುಹೋದ’ ಎಂಬ ಅರ್ಥದ ಮಾತನ್ನು ಶಾಸನ ಅಲ್ಲಿ ನುಡಿಯುತ್ತದೆ. ಅರಸರ ಶಾಸನಗಳು ಎಲ್ಲಿಯಾದರೂ ಸಾಮಾನ್ಯವಾಗಿ ಗೆಲುವನ್ನಷ್ಟೇ ಹೇಳುತ್ತವೆ. ಸೋಲನ್ನೂ ಸೇವೆ ತಪ್ಪಿದ್ದನ್ನೂ ಕಲ್ಲಿನಲ್ಲಿ ಬರೆಸಿದ ಈ ಸಾಲನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಕಲಕುತ್ತದೆ.

ಪಕಲನ ಹಕ್ಕು ಬಂದದ್ದು ತಾಯಿ ಸಕ್ ಕುಕ್ ಕಡೆಯಿಂದ. ತಂದೆ ಕಾನ್ ಮೋ ಹೀಶ್ ಅರಸನಾಗಿ ಆಳಿದವನಲ್ಲ. ಅರಮನೆಯ ಒಂದು ಗೋಡೆಯಲ್ಲಿ ಮೊಟ್ಟೆಯಾಕಾರದ ಒಂದು ಫಲಕವಿದೆ. ಅದರಲ್ಲಿ ಪಕಲ್ ಎರಡು ತಲೆಯ ಜಾಗ್ವಾರ್ ಪೀಠದ ಮೇಲೆ ಕಾಲು ಮಡಚಿ ಕೂತಿದ್ದಾನೆ, ತಾಯಿ ಎದುರಿಗೆ ಕೂತು ರಾಜಚಿಹ್ನೆಯ ಶಿರೋಭೂಷಣವನ್ನು ಅವನತ್ತ ನೀಡುತ್ತಿದ್ದಾಳೆ. ಮಗನ ಮೈಮೇಲೆ ಒಡವೆ ತೀರ ಕಡಿಮೆ, ತಾಯಿಯ ಉಡುಗೆಯೇ ಹೆಚ್ಚು ವೈಭವದ್ದು. 640ರಲ್ಲಿ ಸಾಯುವವರೆಗೂ ಅವಳು ಮಗನ ಬೆನ್ನಿಗಿದ್ದಳು.

ಅವನು ಕಟ್ಟಿಸಿದ್ದೇನು?

ಮೊದಲ ಮೂರು ದಶಕಗಳಲ್ಲಿ ಹೇಳಿಕೊಳ್ಳುವಂಥ ಕಟ್ಟಡ ಯಾವುದೂ ಕಾಣುವುದಿಲ್ಲ. ನಗರದ ಕೇಂದ್ರದಿಂದ ದೂರವಿರುವ, ಈಗ ‘ಮರೆತ ಗುಡಿ’ ಎಂಬ ಅರ್ಥದ ಸ್ಪ್ಯಾನಿಷ್ ಹೆಸರಿನಿಂದ ಕರೆಯುವ ಗುಡಿಯನ್ನು 647ರಲ್ಲಿ ಪ್ರತಿಷ್ಠಾಪಿಸಿದಾಗ ಪಕಲನಿಗೆ ನಲವತ್ತನಾಲ್ಕು ವರ್ಷ. ಆಮೇಲೆ ಕೆಲಸ ನಿಲ್ಲಲೇ ಇಲ್ಲ. 654ರಲ್ಲಿ ಅರಮನೆಯ ಸಮುಚ್ಚಯದಲ್ಲಿ ಬಿಳಿ ಗೋಡೆಯ ಮೇಲೆ ಹೂವಿನ ಚಿತ್ತಾರ ಬರೆದ ಒಂದು ಮನೆ ಎದ್ದಿತು. ಮೇಲೆ ಹೇಳಿದ ಮೊಟ್ಟೆಯಾಕಾರದ ಫಲಕ ಇರುವುದು ಅದರಲ್ಲಿಯೇ, ಅರಸನ ಸಿಂಹಾಸನವಿದ್ದ ಜಾಗದ ಮೇಲುಗಡೆ. ಅದರ ಸುತ್ತ ಬೇರೆ ಮನೆಗಳು, ಅಂಗಳಗಳು ಬೆಳೆದವು. ಒಂದು ಅಂಗಳದ ಮೆಟ್ಟಿಲುಗಳಲ್ಲಿ 599ರ ದಾಳಿಯ ನೆನಪನ್ನೂ, ಪಕಲನ ಕಾಲದಲ್ಲಿ ಹಿಡಿದು ತಂದ ಸೆರೆಯಾಳುಗಳ ಹೆಸರುಗಳನ್ನೂ ಕೆತ್ತಿದ್ದಾರೆ. ಹಿರಿಯರ ಕಾಲದ ಅವಮಾನವನ್ನು ಪಕಲ್ ತೀರಿಸಿದ ಲೆಕ್ಕ ಅದು.

ಪಾಲೆಂಕೆಯ ಕಟ್ಟಡಗಳಲ್ಲಿ ಗೋಡೆ ತೆಳು, ಬಾಗಿಲು ಹಲವು, ಒಳಗೆ ಬೆಳಕು ಹೆಚ್ಚು. ಬೇರೆ ಮಾಯಾ ನಗರಗಳ ಕತ್ತಲೆಯ ಕೋಣೆಗಳಿಗೆ ಹೋಲಿಸಿದರೆ ಇದು ಅಲ್ಲಿಯ ವಾಸ್ತುಕಾರರ ದೊಡ್ಡ ಸಾಧನೆ. ಒಟುಲುಮ್ ತೊರೆಯನ್ನು ಕಲ್ಲಿನ ಕಮಾನು ಕಾಲುವೆಯೊಳಗೆ ಹರಿಸಿ, ಅರಮನೆಯ ಪಕ್ಕದ ನೆಲವನ್ನು ಬಳಕೆಗೆ ತಂದಿದ್ದಾರೆ.

ಸಮಾಧಿ ಪತ್ತೆಯಾದದ್ದು ಹೇಗೆ?

‘ಶಾಸನಗಳ ಗುಡಿ’ ಎಂದು ಕರೆಯುವ ಮೆಟ್ಟಿಲು ಪಿರಮಿಡ್ಡಿನ ನೆತ್ತಿಯ ಮೇಲೆ ಒಂದು ಗುಡಿಯಿದೆ. ಮೆಕ್ಸಿಕೋದ ಪುರಾತತ್ತ್ವಜ್ಞ ಅಲ್ಬೆರ್ತೊ ರೂಸ್ ಲುಯಿಲಿಯೆ ಅಲ್ಲಿ ಕೆಲಸ ಆರಂಭಿಸಿದಾಗ ಗುಡಿಯ ನೆಲಹಾಸಿನಲ್ಲಿ ಒಂದು ದೊಡ್ಡ ಚಪ್ಪಡಿಯನ್ನು ಗಮನಿಸಿದರು. ಅದರಲ್ಲಿ ಸಾಲಾಗಿ ತೂತುಗಳಿದ್ದವು, ತೂತುಗಳಿಗೆ ಕಲ್ಲಿನ ಬೆಣೆ ಹೊಡೆದಿತ್ತು. ಅಷ್ಟೇ ಆಗಿದ್ದರೆ ಯಾರೂ ದಾಟಿಹೋಗುತ್ತಿದ್ದರೇನೋ. ಆದರೆ ಗುಡಿಯ ಗೋಡೆಗಳು ನೆಲದ ಮಟ್ಟಕ್ಕೆ ನಿಲ್ಲದೆ ಇನ್ನೂ ಕೆಳಕ್ಕೆ ಇಳಿದಿರುವುದು ರೂಸ್ ಅವರ ಕಣ್ಣಿಗೆ ಬಿತ್ತು. ಗೋಡೆ ಕೆಳಕ್ಕೆ ಹೋಗಿದೆ ಎಂದರೆ ಕೆಳಗೆ ಕೋಣೆಯೋ ದಾರಿಯೋ ಇರಲೇಬೇಕು.

ಚಪ್ಪಡಿ ಎತ್ತಿಸಿದರೆ ಕೆಳಗೆ ಮೆಟ್ಟಿಲು ಇತ್ತು. ಆದರೆ ಮೆಟ್ಟಿಲ ದಾರಿಯನ್ನು ಮೇಲಿನಿಂದ ಕೆಳಗಿನವರೆಗೂ ಕಲ್ಲುಮಣ್ಣಿನಿಂದ ಬೇಕೆಂದೇ ತುಂಬಿದ್ದರು. ಆ ಸೆಕೆಯಲ್ಲಿ, ಗಾಳಿಯಾಡದ ಇಕ್ಕಟ್ಟಿನಲ್ಲಿ, ಒಂದೊಂದೇ ಬುಟ್ಟಿ ಮಣ್ಣನ್ನು ಮೇಲಕ್ಕೆ ಹೊತ್ತು ಹಾಕುವ ಕೆಲಸಕ್ಕೆ 1949ರಿಂದ 1952ರವರೆಗೆ ನಾಲ್ಕು ಹಂಗಾಮುಗಳು ಹಿಡಿದವು. ಕೊನೆಗೆ ಸಿಕ್ಕಿದ್ದು ಕೆಲವರ ಅಸ್ಥಿಗಳಿದ್ದ ಒಂದು ಕಲ್ಲಿನ ತೊಟ್ಟಿ; ಅರಸನ ಜೊತೆಗೆ ಬಲಿಯಾಗಿ ಹೋದವರು ಅವರು. ಅದರಾಚೆ ತ್ರಿಕೋನಾಕಾರದ ಒಂದು ದೊಡ್ಡ ಕಲ್ಲುಬಾಗಿಲು. 1952ರ ಜೂನ್ 15ರಂದು ಅದನ್ನು ಸರಿಸಿ ರೂಸ್ ಒಳಗೆ ಕಾಲಿಟ್ಟರು.

ಒಳಗೆ ಸುಮಾರು ಒಂಬತ್ತು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಏಳು ಮೀಟರ್ ಎತ್ತರದ ಕಮಾನು ಕೋಣೆ. ಶತಮಾನಗಳಿಂದ ಜಿನುಗಿದ ಸುಣ್ಣದ ನೀರು ಚಾವಣಿಯಿಂದ ಬಿಳಿಯ ತೊಂಗಲುಗಳಾಗಿ ಇಳಿಬಿದ್ದಿತ್ತು. ಗೋಡೆಗಳ ಮೇಲೆ ಗಾರೆಯಲ್ಲಿ ಮೂಡಿಸಿದ ಒಂಬತ್ತು ಆಳೆತ್ತರದ ವ್ಯಕ್ತಿಗಳು. ಕೋಣೆಯನ್ನೆಲ್ಲ ತುಂಬಿಕೊಂಡಂತೆ ಏಕಶಿಲೆಯ ಶವಪೆಟ್ಟಿಗೆ, ಅದರ ಮೇಲೆ ಸುಮಾರು 3.8 ಮೀಟರ್ ಉದ್ದ, 2.2 ಮೀಟರ್ ಅಗಲದ ಕೆತ್ತನೆಯ ಮುಚ್ಚಳ. ಹಲವು ಟನ್ ತೂಗುವ ಆ ಮುಚ್ಚಳವನ್ನು ಎತ್ತಲು ಮರದ ದಿಮ್ಮಿಗಳನ್ನೂ ವಾಹನಗಳ ಜಾಕ್‌ಗಳನ್ನೂ ಕೊಟ್ಟು, ಗೆರೆಗೆರೆಯಷ್ಟು ಮೇಲೇರಿಸುತ್ತ ಹೋಗಬೇಕಾಯಿತು. ಆ ಕೆಲಸ ನಡೆದದ್ದು ನವೆಂಬರ್‌ನಲ್ಲಿ.

ಮುಚ್ಚಳವೂ ಪೆಟ್ಟಿಗೆಯೂ ಆ ಮೆಟ್ಟಿಲ ದಾರಿಯಲ್ಲಿ ಹಿಡಿಸುವಂಥವಲ್ಲ. ಅಂದರೆ ಮೊದಲು ಪೆಟ್ಟಿಗೆಯನ್ನು ನೆಲದ ಮಟ್ಟದಲ್ಲಿ ಇಟ್ಟು, ಅದರ ಸುತ್ತ ಕೋಣೆ ಕಟ್ಟಿ, ಕೋಣೆಯ ಮೇಲೆ ಪಿರಮಿಡ್ಡನ್ನು ಏರಿಸಿದ್ದಾರೆ. ಪಕಲ್ ಬದುಕಿರುವಾಗಲೇ, ಸುಮಾರು 675ರ ಹೊತ್ತಿಗೆ, ಈ ಕೆಲಸ ಆರಂಭವಾಯಿತು. ಮುಗಿಸಿದವನು ಮಗ ಕಿನಿಚ್ ಕಾನ್ ಬಹ್ಲಮ್. ಮೆಟ್ಟಿಲುಗಳ ಅಂಚಿನಲ್ಲಿ ಸಮಾಧಿಯಿಂದ ಗುಡಿಯವರೆಗೂ ಕಲ್ಲಿನ ಒಂದು ಕೊಳವೆ ಸಾಗುತ್ತದೆ. ದಾರಿ ತುಂಬಿದ ಮೇಲೂ ತೀರಿಕೊಂಡ ಅರಸನಿಗೂ ಮೇಲಿನ ಗುಡಿಗೂ ಸಂಪರ್ಕ ಉಳಿಯಲಿ ಎಂಬುದು ಅದರ ಉದ್ದೇಶವೆಂದು ತಿಳಿದವರು ಹೇಳುತ್ತಾರೆ.

ಶವಪೆಟ್ಟಿಗೆಯೊಳಗೆ ಏನಿತ್ತು?

ಎತ್ತರದ ಒಬ್ಬ ಗಂಡಸಿನ ಅಸ್ಥಿಪಂಜರ, ಅಂಗಾತ ಮಲಗಿಸಿದ ಸ್ಥಿತಿಯಲ್ಲಿ. ಪೆಟ್ಟಿಗೆಯ ಒಳಭಾಗಕ್ಕೂ ಮೂಳೆಗಳಿಗೂ ಇಂಗಳೀಕದ ಕೆಂಪು ಬಣ್ಣ ಹತ್ತಿತ್ತು. ಮುಖದ ಮೇಲೆ ಇನ್ನೂರಕ್ಕೂ ಹೆಚ್ಚು ಜೇಡ್ ಕಲ್ಲಿನ ತುಣುಕುಗಳನ್ನು ಜೋಡಿಸಿ ಮಾಡಿದ ಮುಖವಾಡ; ಕಣ್ಣಿನ ಬಿಳಿಗೆ ಚಿಪ್ಪು, ಪಾಪೆಗೆ ಜ್ವಾಲಾಮುಖಿಯ ಕಪ್ಪು ಗಾಜು. ಕೊರಳಲ್ಲಿ ಜೇಡ್ ಹಾರಗಳು, ಬೆರಳುಗಳಲ್ಲಿ ಜೇಡ್ ಉಂಗುರಗಳು, ಬಾಯಲ್ಲಿ ಒಂದು ಜೇಡ್ ಮಣಿ. ಒಂದು ಕೈಯಲ್ಲಿ ಜೇಡ್‌ನ ಗುಂಡು, ಇನ್ನೊಂದರಲ್ಲಿ ಜೇಡ್‌ನ ಚೌಕ. ಚಿನ್ನದ ಸುಳಿವಿಲ್ಲ. ಚಿನ್ನವಿಲ್ಲದ ರಾಜಸಮಾಧಿಯೇ ಎಂದು ನಮ್ಮಲ್ಲಿ ಅಚ್ಚರಿಪಡುವವರಿದ್ದಾರೆ; ಪಕಲನ ಕಾಲದ ಮಾಯಾ ಜನರಿಗೆ ಎಳೆಯ ಜೋಳದ ಗರಿಯ ಹಸಿರು, ನೀರಿನ ಹಸಿರು, ಉಸಿರಿನ ತೇವ ಎಲ್ಲವೂ ಜೇಡ್‌ನಲ್ಲಿ ಕಾಣುತ್ತಿತ್ತು. ಅವರ ಪಾಲಿಗೆ ಅದಕ್ಕಿಂತ ಬೆಲೆಬಾಳುವುದು ಬೇರೆ ಇರಲಿಲ್ಲ.

ಶವಪೆಟ್ಟಿಗೆಯ ಅಡಿಯಲ್ಲಿ ಗಾರೆಯಲ್ಲಿ ಮಾಡಿದ ಎರಡು ತಲೆಗಳು ಸಿಕ್ಕಿದವು. ಅವುಗಳಲ್ಲಿ ಒಂದನ್ನು ಯುವಕ ಪಕಲನ ಮುಖವೆಂದು ಗುರುತಿಸುತ್ತಾರೆ. ಹಣೆಯಿಂದಲೇ ಇಳಿದು ಬರುವ ನೀಳ ಮೂಗು, ಸ್ವಲ್ಪ ತೆರೆದ ತುಟಿ, ಹಂತಹಂತವಾಗಿ ಕತ್ತರಿಸಿ ಮೇಲಕ್ಕೆತ್ತಿ ಮುಂದಕ್ಕೆ ಬಾಗಿಸಿದ ಕೂದಲು. ಕೂದಲ ಆ ಬಾಗು ಮೆಕ್ಕೆಜೋಳದ ಗರಿಯ ಬಾಗೇ ಹೌದು. ಮುಖವಾಡಕ್ಕಿಂತಲೂ ಈ ತಲೆಯೇ ಅವನನ್ನು ಹೆಚ್ಚು ಹತ್ತಿರಕ್ಕೆ ತರುತ್ತದೆ ಎಂಬುದು ನನ್ನ ಅನಿಸಿಕೆ.

ಪೆಟ್ಟಿಗೆಯ ಪಕ್ಕಗಳಲ್ಲಿ ಕೆತ್ತಿದವರು ಯಾರು?

ಪಕಲನ ಹಿರಿಯರು. ಹತ್ತು ಆಕೃತಿಗಳಿವೆ. ಪ್ರತಿಯೊಬ್ಬರೂ ನೆಲದ ಬಿರುಕಿನಿಂದ ಒಂದು ಹಣ್ಣಿನ ಮರದೊಡನೆ ಮೊಳೆತು ಮೇಲೆದ್ದಂತೆ ಕೆತ್ತಲಾಗಿದೆ. ತಾಯಿ, ತಂದೆ ಮತ್ತು ರಾಣಿ ಯೋಲ್ ಇಕ್ನಾಲ್ ಎರಡೆರಡು ಸಲ ಬರುತ್ತಾರೆ. ತಾಯಿಯ ಬೆನ್ನಿಗೆ ಕಾಯಿ ಬಿಟ್ಟ ಕೋಕೋ ಮರ. ಉಳಿದವರ ಜೊತೆಗೆ ಬೆಣ್ಣೆಹಣ್ಣು, ಸೀಬೆ, ಸಪೋಟದಂಥ ಮರಗಳು. ನಮ್ಮ ತೋಟಗಳಲ್ಲಿ ಇಂದು ಊರಿನವೇ ಎಂಬಂತೆ ಬೆಳೆಯುವ ಈ ಮರಗಳ ತವರು ಆ ಕಡೆಯದೇ. ಸಪೋಟ ಎಂಬ ಹೆಸರು ಕೂಡ ಮೆಕ್ಸಿಕೋದ ನಾವಾಟ್ಲ್ ಭಾಷೆಯ ಮಾತಿನಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. ಸತ್ತವರು ತೋಟವಾಗಿ ಮತ್ತೆ ಚಿಗುರುತ್ತಾರೆ ಎಂಬ ನಂಬಿಕೆಯನ್ನು ಶಿಲ್ಪಿ ಇಷ್ಟು ನೇರವಾಗಿ ತೋರಿಸಿದ್ದಾನೆ.

ಮುಚ್ಚಳದ ಮೇಲೆ ಇರುವುದು ಅಂತರಿಕ್ಷಯಾನಿಯ ಚಿತ್ರವೇ?

ಅಲ್ಲ. 1960ರ ದಶಕದ ಕೊನೆಯಲ್ಲಿ ಜನಪ್ರಿಯವಾದ ಈ ಕಲ್ಪನೆ ಇಂದಿಗೂ ವಾಟ್ಸಾಪ್‌ನಲ್ಲಿ ಸುತ್ತುತ್ತಿರುವುದರಿಂದ ಕಾರಣವನ್ನು ವಿವರವಾಗಿಯೇ ಹೇಳಬೇಕು.

ಚಿತ್ರವನ್ನು ಅಡ್ಡಲಾಗಿ ತಿರುಗಿಸಿದರೆ, ಮುಂದಕ್ಕೆ ಬಾಗಿ ಯಂತ್ರ ನಡೆಸುತ್ತಿರುವ ಮನುಷ್ಯನಂತೆ ಕಾಣುತ್ತದೆ, ನಿಜ. ಆದರೆ ಕೆತ್ತಿದವರು ಅದನ್ನು ನೆಟ್ಟಗೆ ನೋಡಲು ಕೆತ್ತಿದ್ದಾರೆ. ಹಾಗೆ ನೋಡಿದಾಗ ಎಲ್ಲ ಕೆಳಗೆ ಪಾತಾಳದ ಬಾಯಿ, ಎರಡು ಬದಿಗೆ ತೆರೆದ ಮೂಳೆಯ ದವಡೆಗಳು. ಆ ಬಾಯಿಯಲ್ಲಿ ಬಲಿಪಾತ್ರೆ ಹೊತ್ತ ಒಂದು ಮುಖ. ಅದರ ಮೇಲೆ ಪಕಲ್ ಹಿಂದಕ್ಕೆ ಒರಗಿದ್ದಾನೆ. ಮೊಣಕಾಲು ಮಡಚಿದೆ, ಕೈಗಳು ಸಡಿಲವಾಗಿವೆ, ಸೊಂಟಕ್ಕೆ ಜೇಡ್ ಮಣಿಗಳ ಬಲೆಯ ಉಡುಗೆ. ಅವನ ಮೈಯಿಂದ ಶಿಲುಬೆಯಂತೆ ತೋರುವ ಒಂದು ಮರ ಮೇಲೆದ್ದಿದೆ. ಕೊಂಬೆಗಳಿಗೆ ಎರಡು ತಲೆಯ ಹಾವು ಸುತ್ತಿಕೊಂಡಿದೆ. ತುದಿಯಲ್ಲಿ ದೇವಲೋಕದ ಹಕ್ಕಿ ಕೂತಿದೆ. ಅಂಚಿನ ಪಟ್ಟಿಯಲ್ಲಿ ಸೂರ್ಯ, ಚಂದ್ರರ ಚಿಹ್ನೆಗಳು.

ಇವುಗಳಲ್ಲಿ ಯಾವುದೂ ಈ ಮುಚ್ಚಳಕ್ಕೆ ಮಾತ್ರ ಸೇರಿದ್ದಲ್ಲ ಎಂಬುದೇ ಮುಖ್ಯ ಮಾತು. ಪಕಲನ ಮಗ ಕಟ್ಟಿಸಿದ ‘ಶಿಲುಬೆಯ ಗುಡಿ’ಗೆ ಹೋದರೆ ಅಲ್ಲಿಯ ಫಲಕದಲ್ಲಿ ಅದೇ ಮರ, ಅದೇ ಹಕ್ಕಿ, ಬುಡದಲ್ಲಿ ಅದೇ ಮುಖ ಕಾಣುತ್ತವೆ, ಒರಗಿದ ಮನುಷ್ಯ ಮಾತ್ರ ಇಲ್ಲ, ಅವನ ಬದಲು ಇಕ್ಕೆಲಗಳಲ್ಲಿ ನಿಂತವರಿದ್ದಾರೆ. ಹೊಗೆ ಉಗುಳುವ ಕೊಳವೆ ಎಂದು ಕೆಲವರು ತೋರಿಸುವ ಭಾಗ ಪಾತಾಳದ ದವಡೆ. ಉಸಿರಾಟದ ಯಂತ್ರ ಎನ್ನುವುದು ಮೂಗಿನ ಆಭರಣ. ಸತ್ತ ಅರಸ ಜೋಳದ ದೇವರ ಹಾಗೆ ನೆಲದೊಳಕ್ಕೆ ಹೋಗಿ, ನೆಲದಿಂದಲೇ ಮತ್ತೆ ಹುಟ್ಟುತ್ತಾನೆ ಎಂಬುದು ಈ ಕೆತ್ತನೆಯ ವಿಷಯ. ಪೆಟ್ಟಿಗೆಯ ಪಕ್ಕದ ಹಣ್ಣಿನ ಮರಗಳೂ ಅದನ್ನೇ ಹೇಳುತ್ತವೆ. ಒಂದು ಜನಾಂಗ ಸಾವನ್ನು ಕುರಿತು ಇಷ್ಟು ಆಳವಾಗಿ ಯೋಚಿಸಿ ಕಲ್ಲಿನಲ್ಲಿ ಬಿಡಿಸಿದ್ದನ್ನು ಬೇರೆ ಗ್ರಹದವರ ಲೆಕ್ಕಕ್ಕೆ ಬರೆಯುವುದು ಆ ಜನರಿಗೆ ಮಾಡುವ ಅನ್ಯಾಯ.

ಸತ್ತಾಗ ಅವನ ವಯಸ್ಸು ನಲವತ್ತೋ ಎಂಬತ್ತೋ?

ಈ ವಿಷಯದಲ್ಲಿ ದೊಡ್ಡ ವಿವಾದವೇ ನಡೆಯಿತು. ಸಮಾಧಿ ತೆರೆದಾಗ ಮೂಳೆ ಪರೀಕ್ಷಿಸಿದವರು ನಲವತ್ತರಿಂದ ಐವತ್ತರ ಒಳಗಿನ ವಯಸ್ಸು ಎಂದರು. ಹಲ್ಲುಗಳು ಹೆಚ್ಚು ಸವೆದಿರಲಿಲ್ಲ. 1973ರ ಡಿಸೆಂಬರ್‌ನಲ್ಲಿ ಪಾಲೆಂಕೆಯಲ್ಲಿಯೇ ನಡೆದ ಒಂದು ಸಮ್ಮೇಳನದಲ್ಲಿ ಲಿಂಡಾ ಶೀಲಿ, ಪೀಟರ್ ಮ್ಯಾಥ್ಯೂಸ್ ಮತ್ತು ಫ್ಲಾಯ್ಡ್ ಲೌನ್ಸ್‌ಬರಿ ಅಲ್ಲಿಯ ಶಾಸನಗಳ ದಿನಾಂಕಗಳನ್ನು ಜೋಡಿಸಿ ಅರಸರ ವಂಶಾವಳಿಯನ್ನು ಬಿಡಿಸಿದರು. ಅವರ ಲೆಕ್ಕದಲ್ಲಿ ಪಕಲ್ ಎಂಬತ್ತು ವರ್ಷ ಬದುಕಿದ್ದ. ರೂಸ್ ಇದನ್ನು ಒಪ್ಪಲಿಲ್ಲ.

ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. ಮುಚ್ಚಳದ ಅಂಚಿನಲ್ಲಿ ಹುಟ್ಟಿದ ದಿನ 8 ಅಹಾವ್ 13 ಪೋಪ್ ಎಂದೂ, ಸತ್ತ ದಿನ 6 ಎಟ್ಸ್‌ನಬ್ 11 ಯಾಶ್ ಎಂದೂ ಇದೆ. ನಮ್ಮ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವ ಹಾಗೆ ಮಾಯಾ ಪಂಚಾಂಗದ ಈ ಜೋಡಿ ಹೆಸರುಗಳು 18,980 ದಿನಗಳಿಗೊಮ್ಮೆ, ಅಂದರೆ ಸುಮಾರು 52 ವರ್ಷಕ್ಕೊಮ್ಮೆ ಮರಳುತ್ತವೆ. ಆದ್ದರಿಂದ ಈ ಎರಡು ದಿನಗಳ ನಡುವಿನ ಅಂತರ 10,398 ದಿನಗಳಾಗಬಹುದು, ಇಲ್ಲವೇ ಅದಕ್ಕೆ 18,980 ಸೇರಿಸಿ 29,378 ದಿನಗಳಾಗಬಹುದು, ಇಲ್ಲವೇ ಇನ್ನೊಮ್ಮೆ ಸೇರಿಸಿ 48,358 ಆಗಬಹುದು. ವರ್ಷಗಳಲ್ಲಿ ಹೇಳುವುದಾದರೆ ಸುಮಾರು 28, 80 ಅಥವಾ 132. ನಲವತ್ತು ಎಂಬ ಉತ್ತರಕ್ಕೆ ಇಲ್ಲಿ ಜಾಗವೇ ಇಲ್ಲ. ಅದೇ ಅಂಚಿನ ಶಾಸನ ಅವನ ಜೀವಿತದಲ್ಲಿ ನಾಲ್ಕು ಕಾತುನ್‌ಗಳು ಬಂದುಹೋದವು ಎಂದೂ ಹೇಳುತ್ತದೆ: 613, 633, 652 ಮತ್ತು 672ರಲ್ಲಿ ಮುಗಿದವು ಅವು. ಹಾಗಾಗಿ ಉಳಿಯುವುದು ಎಂಬತ್ತು ಮಾತ್ರ.

ಅರಸರು ತಮ್ಮ ಆಯಸ್ಸನ್ನು ಹೆಚ್ಚಿಸಿ ಬರೆಸಿರಬಹುದಲ್ಲವೇ ಎಂಬ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ ಮೂಳೆಗಳಿಂದಲೇ ಬರಬೇಕಿತ್ತು. ವೆರಾ ಟೀಸ್ಲರ್, ಆಂದ್ರೆಯಾ ಕುಚೀನಾ ಮತ್ತು ಅವರ ಸಂಗಡಿಗರು ಹೊಸ ವಿಧಾನಗಳಿಂದ ಅಸ್ಥಿಗಳನ್ನು ಮತ್ತೆ ಪರೀಕ್ಷಿಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವು ಮುಪ್ಪು ಮುಟ್ಟಿದವನ ಮೂಳೆಗಳೇ ಎಂದು ತೋರಿಸಿದರು. ಹಲ್ಲು ಸವೆಯದಿದ್ದುದಕ್ಕೆ ಅರಮನೆಯ ಮೃದುವಾದ ಊಟ ಕಾರಣವಾಗಿರಬಹುದು. ಬರಹ ಒಂದು ಮಾತು ಹೇಳಿ, ಮೂಳೆ ಇನ್ನೊಂದು ಹೇಳಿದಾಗ ಯಾವುದನ್ನೂ ಬದಿಗೆ ಸರಿಸದೆ ಎರಡನ್ನೂ ಮತ್ತೆ ಮತ್ತೆ ಪ್ರಶ್ನಿಸಿದ್ದರಿಂದಲೇ ಇಂದು ನಾವು ಪಕಲನ ವಯಸ್ಸನ್ನು ಇಷ್ಟು ಭರವಸೆಯಿಂದ ಹೇಳಬಲ್ಲೆವು.

ಒಂದೊಂದು ಕಡೆ ಒಂದೊಂದು ಹುಟ್ಟಿದ ದಿನ ಕೊಟ್ಟಿರುವುದೇಕೆ?

ಮಾರ್ಚ್ 21, 23, 24, 26 ಈ ನಾಲ್ಕನ್ನೂ ನೀವು ಕಾಣಬಹುದು. ಮಾಯಾ ದಿನಗಣನೆಯಲ್ಲಿ ಅವನು ಹುಟ್ಟಿದ ದಿನ 9.8.9.13.0. ಇದರಲ್ಲಿ ಮೊದಲ ಅಂಕೆಯ ಬೆಲೆ ಒಂದಕ್ಕೆ 1,44,000 ದಿನ, ಎರಡನೆಯದಕ್ಕೆ 7,200, ಮೂರನೆಯದಕ್ಕೆ 360, ನಾಲ್ಕನೆಯದಕ್ಕೆ 20, ಕೊನೆಯದಕ್ಕೆ ಒಂದು. ಕೂಡಿಸಿದರೆ ಗಣನೆಯ ಆರಂಭದಿಂದ 13,57,100ನೆಯ ದಿನ. ಇಷ್ಟರವರೆಗೆ ಗೊಂದಲವಿಲ್ಲ. ಆ ಗಣನೆಯನ್ನು ನಮ್ಮ ಕ್ಯಾಲೆಂಡರಿಗೆ ಹೊಂದಿಸುವಾಗ ಬಳಕೆಯಲ್ಲಿರುವ ಎರಡು ಸೂತ್ರಗಳ ನಡುವೆ ಎರಡು ದಿನಗಳ ವ್ಯತ್ಯಾಸವಿದೆ. ಹಳೆಯ ಜೂಲಿಯನ್ ಪದ್ಧತಿಗೂ ಗ್ರೆಗೋರಿಯನ್ ಪದ್ಧತಿಗೂ ಆ ಶತಮಾನದಲ್ಲಿ ಮೂರು ದಿನಗಳ ವ್ಯತ್ಯಾಸ ಬರುತ್ತದೆ. ನಾಲ್ಕು ದಿನಾಂಕಗಳು ಹುಟ್ಟುವುದು ಹೀಗೆ.

2012ರಲ್ಲಿ ಲೋಕ ಮುಗಿಯುತ್ತದೆ ಎಂದು ಮಾಯಾ ಜನರು ಬರೆದಿದ್ದರಲ್ಲವೇ?

ಪಕಲನ ಶಾಸನ ಓದಿದವರು ಹಾಗೆ ಹೇಳಲಾರರು. ಅವನ ಗುಡಿಯ ಫಲಕಗಳು ಅವನು ಪಟ್ಟಕ್ಕೆ ಬಂದ ದಿನದ ಎಂಬತ್ತನೆಯ ಆವರ್ತನೆಯನ್ನು ಮುಂದಕ್ಕೆ ಎಣಿಸಿ ಹೇಳುತ್ತವೆ. 18,980 ದಿನಗಳ ಎಂಬತ್ತು ಸುತ್ತುಗಳು ಕಳೆದಾಗ, ಇಪ್ಪತ್ತು ಬಾಕ್ತುನ್‌ಗಳ (ಒಂದು ಬಾಕ್ತುನ್ ಎಂದರೆ 1,44,000 ದಿನ) ದೊಡ್ಡ ಕಾಲಮಾನವೊಂದು ತುಂಬಿ ಎಂಟೇ ದಿನಗಳಾಗಿರುತ್ತವೆ. ಆ ದಿನ ಬರುವುದು ಕ್ರಿ.ಶ. 4772ರ ಅಕ್ಟೋಬರ್‌ನಲ್ಲಿ. ತನ್ನ ಪಟ್ಟಾಭಿಷೇಕದ ನೆನಪು ನಾಲ್ಕು ಸಾವಿರ ವರ್ಷಗಳಾಚೆಗೂ ಸಲ್ಲುತ್ತದೆ ಎಂದು ಬರೆಸಿದ ಅರಸನ ಜನ 2012ಕ್ಕೆ ಲೋಕವನ್ನು ಮುಗಿಸಿರಲಿಲ್ಲ.

ಮಾಯಾ ಎಂಬ ಹೆಸರಿಗೂ ನಮ್ಮ ಮಯಾಸುರನಿಗೂ ಸಂಬಂಧವಿದೆಯೇ?

ಇಲ್ಲ. ಮಾಯಾ ಎಂಬುದು ಯುಕಟಾನ್ ಪ್ರದೇಶದ ಜನರ ಮತ್ತು ಭಾಷೆಯ ಹೆಸರು. ಸಂಸ್ಕೃತದ ಮಯ, ಮಾಯೆಗಳ ಜೊತೆ ಅದರ ಹೋಲಿಕೆ ಬರೀ ಧ್ವನಿಯದು. ಪಕಲನಂತೂ ತನ್ನನ್ನು ಬಾಕಲ್‌ನ ಅರಸ ಎಂದು ಕರೆದುಕೊಂಡನೇ ಹೊರತು ಮಾಯಾ ಎಂದಲ್ಲ.

ಅವನ ಹೆಂಡತಿ ಮಕ್ಕಳ ಬಗ್ಗೆ ಏನು ಗೊತ್ತಿದೆ?

626ರಲ್ಲಿ ತ್ಸಕ್ಬು ಅಹಾವ್ ಎಂಬಾಕೆಯೊಂದಿಗೆ ಮದುವೆಯಾಯಿತು. ಅವಳು 672ರಲ್ಲಿ ತೀರಿಕೊಂಡಳು. 1994ರಲ್ಲಿ ಶಾಸನಗಳ ಗುಡಿಯ ಪಕ್ಕದ ಹದಿಮೂರನೆಯ ಗುಡಿಯೊಳಗೆ ಇಂಗಳೀಕದಲ್ಲಿ ಮುಳುಗಿದ ಒಬ್ಬ ಹೆಂಗಸಿನ ಸಮಾಧಿ ಸಿಕ್ಕಿತು. ಕೆಂಪು ಬಣ್ಣದಿಂದಾಗಿ ಅವಳಿಗೆ ‘ಕೆಂಪು ರಾಣಿ’ ಎಂಬ ಹೆಸರೇ ನಿಂತಿತು. ಅವಳ ಮುಖದ ಮೇಲೂ ಹಸಿರು ಕಲ್ಲಿನ ಮುಖವಾಡವಿತ್ತು, ಆದರೆ ಪೆಟ್ಟಿಗೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಪಕಲನ ತಾಯಿಯಿರಬಹುದೆಂಬ ಊಹೆ ಮೊದಲು ಇತ್ತು. ಈಗ ಹೆಚ್ಚಿನ ವಿದ್ವಾಂಸರು ಅವಳನ್ನು ಹೆಂಡತಿ ತ್ಸಕ್ಬು ಅಹಾವ್ ಎಂದೇ ತಿಳಿಯುತ್ತಾರೆ.

ಹಿರಿಯ ಮಗ ಕಾನ್ ಬಹ್ಲಮ್ 684ರಿಂದ 702ರವರೆಗೆ ಆಳಿದ. ತಂದೆಯ ದೀರ್ಘಾಯುಸ್ಸಿನಿಂದಾಗಿ ಪಟ್ಟ ಸಿಗುವಾಗ ಅವನಿಗೆ ಐವತ್ತರ ಹತ್ತಿರ. ಆಮೇಲೆ ಬಂದ ತಮ್ಮ ಕಾನ್ ಹೋಯ್ ಚಿತಮ್ 711ರಲ್ಲಿ ತೊನಿನಾ ಎಂಬ ನೆರೆಯ ರಾಜ್ಯದವರ ಕೈಗೆ ಸೆರೆಸಿಕ್ಕಿದ. ಹಗ್ಗ ಬಿಗಿದ ಅವನ ಚಿತ್ರವನ್ನು ಅವರು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಪಾಲೆಂಕೆಯ ಕೊನೆಯ ದಿನಾಂಕವಿರುವುದು 799ರ ಒಂದು ಮಡಕೆಯ ಮೇಲೆ. ಅದರಲ್ಲಿ ಬರುವ ಅರಸನ ಹೆಸರಿನಲ್ಲಿಯೂ ಹನಾಬ್ ಪಕಲ್ ಎಂಬ ಪದಗಳಿವೆ.

ಇಂದು ಇವುಗಳನ್ನು ಎಲ್ಲಿ ನೋಡಬಹುದು?

ಪಾಲೆಂಕೆ 1987ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಶವಪೆಟ್ಟಿಗೆ ಮತ್ತು ಮುಚ್ಚಳ ಪಿರಮಿಡ್ಡಿನೊಳಗೆ ತಮ್ಮ ಮೂಲ ಜಾಗದಲ್ಲಿಯೇ ಇವೆ. ಜನರ ಓಡಾಟ ಮತ್ತು ಉಸಿರಿನ ತೇವ ಗಾರೆಗೂ ಬಣ್ಣಕ್ಕೂ ಹಾನಿ ಮಾಡುವುದರಿಂದ ಸಮಾಧಿಯನ್ನು ಸಾಮಾನ್ಯ ಪ್ರವಾಸಿಗರಿಗೆ ತೆರೆಯುವುದಿಲ್ಲ. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಪೆಟ್ಟಿಗೆಯ ಪ್ರತಿಕೃತಿಯನ್ನು ಸುತ್ತಲೂ ನಡೆದು ನೋಡಬಹುದು. ಮುಖವಾಡವೂ ಗಾರೆಯ ತಲೆಗಳೂ ಮೆಕ್ಸಿಕೋ ಸಿಟಿಯ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿವೆ. 1985ರ ಕ್ರಿಸ್‌ಮಸ್ ದಿನ ನಸುಕಿನಲ್ಲಿ ಆ ಸಂಗ್ರಹಾಲಯದಲ್ಲಿ ನಡೆದ ದೊಡ್ಡ ಕಳವಿನಲ್ಲಿ ಮುಖವಾಡವೂ ಹೋಗಿತ್ತು. 1989ರಲ್ಲಿ ಅದು ಮರಳಿ ಸಿಕ್ಕಿತು.

ಪಾಲೆಂಕೆಗೆ ಹೋದವರು ಶಾಸನಗಳ ಗುಡಿಯ ಎದುರಿಗಿರುವ ಒಂದು ಚಿಕ್ಕ ಸಮಾಧಿಯನ್ನೂ ನೋಡಿ ಬರಬೇಕು. ಅದು 1979ರಲ್ಲಿ ತೀರಿಕೊಂಡ ಅಲ್ಬೆರ್ತೊ ರೂಸ್ ಅವರದು.